ಕತ್ತಿ ಬಿಟ್ಟು ಕೋಲು ಹಿಡಿದ ಸಂತ ಇಗ್ನೇಷಿಯಸ್ ಲೊಯೋಲ



ಬೆಟ್ಟ ಹತ್ತಿ ಬರುವವರಲ್ಲಿ ನಾನಾ ವಿಧ. ಹರಕೆ ತೀರಿಸಲು ಬರುವವರು ಕೆಲವರು, ಕಾಯಿಲೆ ವಾಸಿಯಾಗಲಿ ಅಂತ ಬರುವವರು ಕೆಲವರು, ಮಕ್ಕಳ ಮದುವೆ, ಮನೆ, ಕೆಲಸ ಅಂತ ಬೇಡಿಕೊಳ್ಳುವವರು ಕೆಲವರು. ಕುಡಿತ ಬಿಡುತ್ತೇನೆ, ಸಿಟ್ಟು ಬಿಡುತ್ತೇನೆ ಅಂತ ಮಾತೆ ಮರಿಯಮ್ಮನವರ ಮುಂದೆ ಮೇಣದ ಬತ್ತಿ ಹಚ್ಚಿ ಹೋಗಿ, ಮುಂದಿನ ವರ್ಷ ಅದೇ ದುಃಖ ಹೊತ್ತುಕೊಂಡು ತಲೆ ತಗ್ಗಿಸಿ ಬರುವವರೂ ಇದ್ದಾರೆ. ಒಂದು ಸಲ ಬೆಟ್ಟ ಹತ್ತಿದ ಮಾತ್ರಕ್ಕೆ ಮನುಷ್ಯ ಪೂರ್ತಿ ಬದಲಾಗುತ್ತಾನೆಯೇ? ಬದಲಾಗದೇ ಹೋದರೆ ದೇವರು ಕೈಬಿಟ್ಟರು ಅಂತ ತಿಳಿಯಬೇಕೇ? ಇದಕ್ಕೆ ಉತ್ತರ ಒಬ್ಬ ದೊಡ್ಡ ಸಂತರ ಜೀವನದಲ್ಲಿದೆ. ಅವರ ಕಣ್ಣು ಚೆನ್ನಾಗಿಯೇ ಕಾಣಿಸುತ್ತಿತ್ತು, ಆದರೆ ಒಳಗಣ್ಣು ಕುರುಡಾಗಿತ್ತು. ಆ ಕುರುಡು ಒಂದೇ ದಿನದಲ್ಲಿ ಹೋಗಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹೋಯಿತು. ಅವರೇ ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲ.

ಬಾಲ್ಯ ಮತ್ತು ಯೌವನ

ಸ್ಪೇನ್ ದೇಶದ ಉತ್ತರ ಭಾಗದಲ್ಲಿ ಬಾಸ್ಕ್ ಎಂಬ ಗುಡ್ಡಗಾಡು ಸೀಮೆ ಇದೆ. ಅಲ್ಲಿನ ಅಸ್ಪೇಯಿತಿಯ ಎಂಬ ಊರಿನ ಹತ್ತಿರ ಲೊಯೋಲ ಎಂಬ ಮನೆತನದ ಕೋಟೆಮನೆ. ಆ ಮನೆಯಲ್ಲಿ 1491ರಲ್ಲಿ ಹುಟ್ಟಿದ ಕೊನೆಯ ಮಗುವಿಗೆ ಇನಿಗೊ ಅಂತ ಹೆಸರಿಟ್ಟರು. ಇಗ್ನೇಷಿಯಸ್ ಎಂಬ ಹೆಸರನ್ನು ಅವರು ಮುಂದೆ ದೊಡ್ಡವರಾದ ಮೇಲೆ ಇಟ್ಟುಕೊಂಡದ್ದು. ಹುಟ್ಟಿದ ಸ್ವಲ್ಪ ಕಾಲಕ್ಕೆ ತಾಯಿ ತೀರಿಕೊಂಡರು. ಹತ್ತಿರದ ಒಬ್ಬ ಕಮ್ಮಾರನ ಹೆಂಡತಿ ಆ ಕೂಸಿಗೆ ಹಾಲುಣಿಸಿ ಬೆಳೆಸಿದಳು.

ಸುಮಾರು ಹದಿನೈದು ವರ್ಷದವರಾದಾಗ ಅವರನ್ನು ಅರೇವಲೊ ಎಂಬ ಊರಿಗೆ, ರಾಜರ ಖಜಾನೆ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿಯ ಮನೆಗೆ ಕಳಿಸಿದರು. ಅಲ್ಲಿ ಕತ್ತಿವರಸೆ, ಕುದುರೆ ಸವಾರಿ, ನೃತ್ಯ, ಜೂಜು ಎಲ್ಲವೂ ಬಂತು. ಅಂದದ ಉಡುಪು, ಸೊಂಟದಲ್ಲಿ ಕತ್ತಿ, ಬಾಯಲ್ಲಿ ಬಡಾಯಿ. ದೇವರ ಮೇಲೆ ಭಕ್ತಿ ಇಲ್ಲದವರೇನೂ ಅಲ್ಲ, ಹಬ್ಬಕ್ಕೆ ದೇವಾಲಯಕ್ಕೆ ಹೋಗುವವರೇ. ಆದರೆ ಆ ಭಕ್ತಿ ಅವರ ನಡತೆಯನ್ನು ಮುಟ್ಟಿರಲಿಲ್ಲ. 1515ರಲ್ಲಿ ಊರಿಗೆ ಬಂದಿದ್ದಾಗ ಜಾತ್ರೆಯ ಗದ್ದಲದಲ್ಲಿ ಹೊಡೆದಾಟ ಮಾಡಿ, ಅವರ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆಯೂ ಆಯಿತು. ತಾವು ಲೋಕದ ಒಣ ಆಡಂಬರಕ್ಕೆ ಮರುಳಾಗಿದ್ದ ಮನುಷ್ಯ ಅಂತ ಮುಂದೆ ಮುದುಕರಾದಾಗ ಅವರೇ ಯಾವ ಮುಚ್ಚುಮರೆ ಇಲ್ಲದೆ ಹೇಳಿ ಬರೆಸಿದ್ದಾರೆ.

ಆಶ್ರಯ ಕೊಟ್ಟಿದ್ದ ಅಧಿಕಾರಿ ರಾಜಕೃಪೆ ಕಳೆದುಕೊಂಡು 1517ರಲ್ಲಿ ತೀರಿಕೊಂಡರು. ಆಮೇಲೆ ಇನಿಗೊ ನವಾರ ಪ್ರಾಂತ್ಯದ ವೈಸರಾಯರ ಸೇವೆಗೆ ಸೇರಿದರು.

ಪಂಪ್ಲೋನದ ಗುಂಡು

1521ರ ಮೇ ತಿಂಗಳಲ್ಲಿ ಫ್ರೆಂಚ್ ಸೈನ್ಯ ನವಾರದ ರಾಜಧಾನಿ ಪಂಪ್ಲೋನಕ್ಕೆ ಮುತ್ತಿಗೆ ಹಾಕಿತು. ಕೋಟೆಯೊಳಗಿದ್ದವರು ಬೆರಳೆಣಿಕೆಯಷ್ಟು ಜನ. ಶರಣಾಗುವುದೇ ಮೇಲು ಅಂತ ಎಲ್ಲರ ಅಭಿಪ್ರಾಯ. ಇನಿಗೊ ಒಬ್ಬರೇ ಒಪ್ಪಲಿಲ್ಲ. ಮಾನ ಹೋದರೆ ಪ್ರಾಣ ಯಾಕೆ ಅನ್ನುವ ಸ್ವಭಾವ ಅವರದು. ಎಲ್ಲರಿಗೂ ಹುರಿದುಂಬಿಸಿ ಹೋರಾಟಕ್ಕೆ ನಿಲ್ಲಿಸಿದರು. ಗುರುಗಳು ಯಾರೂ ಅಲ್ಲಿ ಇಲ್ಲದ ಕಾರಣ, ಅಂದಿನ ಪದ್ಧತಿಯಂತೆ ಜೊತೆಯ ಒಬ್ಬ ಸೈನಿಕನ ಮುಂದೆಯೇ ತಮ್ಮ ಪಾಪಗಳನ್ನು ಹೇಳಿಕೊಂಡರು.

ಮೇ 20ರಂದು ಫಿರಂಗಿ ಗುಂಡು ಬಂದು ಅವರ ಕಾಲುಗಳ ನಡುವೆ ಹಾಯಿತು. ಬಲಗಾಲಿನ ಮೂಳೆ ಪುಡಿಯಾಯಿತು, ಎಡಗಾಲಿಗೂ ಗಾಯ. ಅವರು ಬಿದ್ದ ಕೂಡಲೇ ಕೋಟೆಯೂ ಬಿತ್ತು. ಗೆದ್ದ ಫ್ರೆಂಚರು ಅವರನ್ನು ಗೌರವದಿಂದಲೇ ನೋಡಿಕೊಂಡು, ಚಿಕಿತ್ಸೆ ಕೊಟ್ಟು, ಮಂಚದ ಮೇಲೆ ಹೊರಿಸಿ ಲೊಯೋಲಕ್ಕೆ ಕಳಿಸಿದರು.

ಮನೆಯಲ್ಲಿ ವೈದ್ಯರು ನೋಡಿ, ಮೂಳೆ ಸರಿಯಾಗಿ ಕೂಡಿಲ್ಲ, ಮತ್ತೆ ಮುರಿದು ಕೂಡಿಸಬೇಕು ಅಂದರು. ಆಗಿನ ಕಾಲದಲ್ಲಿ ಪ್ರಜ್ಞೆ ತಪ್ಪಿಸುವ ಮದ್ದು ಇರಲಿಲ್ಲ. ಮುಷ್ಟಿ ಬಿಗಿಹಿಡಿದು ಸಹಿಸಿದರು. ಜೂನ್ ಕೊನೆಯ ವಾರ ಸಾವಿನ ಅಂಚಿಗೆ ಹೋಗಿ ಅಂತಿಮ ಸಂಸ್ಕಾರವೂ ಆಯಿತು. ಸಂತ ಪೇತ್ರರ ಹಬ್ಬದ ಹಿಂದಿನ ರಾತ್ರಿ ಜ್ವರ ಇಳಿದು ಬದುಕಿಕೊಂಡರು.

ಇಲ್ಲಿ ಒಂದು ಮಾತು ಗಮನಿಸಬೇಕು. ಸಾವಿನ ಬಾಯಿಂದ ಹೊರಗೆ ಬಂದರೂ ಅವರ ಒಳಗಣ್ಣು ತೆರೆಯಲಿಲ್ಲ! ಮಂಡಿಯ ಕೆಳಗೆ ಒಂದು ಮೂಳೆ ಉಬ್ಬಿಕೊಂಡಿತ್ತು. ಬಿಗಿಯಾದ ಬೂಟು ಹಾಕಿದರೆ ಚೆಂದ ಕಾಣುವುದಿಲ್ಲ ಅಂತ, ಆ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಗಿಡ್ಡವಾದ ಕಾಲನ್ನು ಉದ್ದ ಮಾಡಲು ದಿನಗಟ್ಟಲೆ ಎಳೆಸಿಕೊಂಡರು. ಹೊರಗಿನ ಅಂದಕ್ಕಾಗಿ ಇಷ್ಟು ನೋವು! ನಾವೂ ನಾಲ್ಕು ಜನ ಏನಂದಾರು ಅಂತ ಸಾಲ ಮಾಡಿ ಮದುವೆ ಮಾಡುವವರೇ ಅಲ್ಲವೇ? ಕಷ್ಟ ಬಂದ ಮಾತ್ರಕ್ಕೆ ಮನುಷ್ಯ ಬದಲಾಗುವುದಿಲ್ಲ. ಕಷ್ಟದಲ್ಲಿ ದೇವರ ಮಾತು ಕಿವಿಗೆ ಬಿದ್ದಾಗ ಬದಲಾಗುತ್ತಾನೆ.

ಹಾಸಿಗೆಯ ಮೇಲೆ ಓದಿದ ಎರಡು ಪುಸ್ತಕ

ಕಾಲು ಕೂಡುವವರೆಗೆ ಹಾಸಿಗೆಯೇ ಗತಿ. ಹೊತ್ತು ಕಳೆಯಲು ವೀರರ, ಪ್ರೇಮದ ಕಥೆಪುಸ್ತಕ ಕೇಳಿದರು. ಆ ಮನೆಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಇದ್ದದ್ದು ಎರಡೇ: ಯೇಸುಸ್ವಾಮಿಯ ಜೀವನ ಚರಿತ್ರೆ ಮತ್ತು ಸಂತರ ಜೀವನ ಚರಿತ್ರೆಗಳು. ಬೇರೆ ದಾರಿ ಇಲ್ಲದೆ ಅವನ್ನೇ ಓದಿದರು.

ಓದುತ್ತಾ ಓದುತ್ತಾ ಪುಸ್ತಕ ಕೆಳಗಿಟ್ಟು ಯೋಚನೆಗೆ ಬೀಳುತ್ತಿದ್ದರು. ಕೆಲವೊಮ್ಮೆ ಒಬ್ಬ ದೊಡ್ಡ ಮನೆತನದ ಹೆಣ್ಣುಮಗಳನ್ನು ನೆನೆದು, ಅವಳಿಗಾಗಿ ಏನೇನು ಸಾಹಸ ಮಾಡಬಹುದು ಅಂತ ಮೂರು ನಾಲ್ಕು ಗಂಟೆ ಹಗಲುಗನಸು. ಇನ್ನು ಕೆಲವೊಮ್ಮೆ ಸಂತ ಫ್ರಾನ್ಸಿಸರು, ಸಂತ ದೋಮಿನಿಕರು ಮಾಡಿದ್ದನ್ನು ನಾನೂ ಮಾಡಿದರೆ ಹೇಗೆ ಅಂತ ಯೋಚನೆ. ಎರಡೂ ಆ ಹೊತ್ತಿಗೆ ಸಿಹಿಯೇ. ಆದರೆ ಆಮೇಲೆ ಒಂದು ವ್ಯತ್ಯಾಸ ಕಂಡಿತು. ಲೋಕದ ಕನಸು ಮುಗಿದ ಮೇಲೆ ಮನಸ್ಸು ಒಣಗಿ ಬೇಸರವಾಗುತ್ತಿತ್ತು. ದೇವರ ಯೋಚನೆ ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು.

ಮೊದಲು ಇದರ ಮರ್ಮ ಅವರಿಗೆ ತಿಳಿಯಲಿಲ್ಲ. ಒಂದು ದಿನ ಒಳಗಣ್ಣು ಸ್ವಲ್ಪ ತೆರೆಯಿತು. ಒಂದು ಯೋಚನೆ ದೇವರಿಂದ ಬರುತ್ತದೆ, ಇನ್ನೊಂದು ಸೈತಾನನಿಂದ ಬರುತ್ತದೆ, ಯಾವುದು ಎಲ್ಲಿಂದ ಅನ್ನುವುದು ಅದು ಬಿಟ್ಟುಹೋಗುವ ರುಚಿಯಿಂದ ಗೊತ್ತಾಗುತ್ತದೆ ಅಂತ ಕಂಡುಕೊಂಡರು. ಅವರು ಮುಂದೆ ಲೋಕಕ್ಕೆ ಕಲಿಸಿದ ಪಾಠಕ್ಕೆಲ್ಲ ಇದೇ ಬೀಜ. ಒಂದು ರಾತ್ರಿ ಬಾಲಯೇಸುವನ್ನು ಎತ್ತಿಕೊಂಡ ಮಾತೆ ಮರಿಯಮ್ಮನವರ ದರ್ಶನವೂ ಆಯಿತು. ಹಳೆಯ ಜೀವನದ ಬಗ್ಗೆ ಅವರಿಗೆ ಹೇಸಿಗೆ ಹುಟ್ಟಿತು. ಓದಿದ್ದರಲ್ಲಿ ಒಳ್ಳೆಯದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದರು: ಯೇಸುಸ್ವಾಮಿಯ ಮಾತಿಗೆ ಕೆಂಪು ಶಾಯಿ, ಮಾತೆಯ ಮಾತಿಗೆ ನೀಲಿ ಶಾಯಿ. ಸುಮಾರು 300 ಪುಟ ಆಯಿತಂತೆ.

ಹೇಸರಗತ್ತೆ ಹಿಡಿದ ದಾರಿ

1522ರ ಆರಂಭದಲ್ಲಿ ಅಣ್ಣ ಬೇಡವೆಂದರೂ ಕೇಳದೆ ಮನೆ ಬಿಟ್ಟರು. ಜೆರುಸಲೇಮಿಗೆ ಯಾತ್ರೆ ಹೋಗುವುದು ಗುರಿ. ಹೇಸರಗತ್ತೆಯ ಮೇಲೆ ಹೊರಟರು. ದಾರಿಯಲ್ಲಿ ಮೂರ್ ಜನಾಂಗದ ಒಬ್ಬ ಸವಾರ ಜೊತೆಯಾದ. ಮಾತಿಗೆ ಮಾತು ಬೆಳೆದು ಮಾತೆ ಮರಿಯಮ್ಮನವರ ಕನ್ಯತ್ವದ ವಿಷಯ ಬಂತು. ಅವನು ಒಂದಷ್ಟು ಒಪ್ಪಿದ, ಒಂದಷ್ಟು ಒಪ್ಪಲಿಲ್ಲ. ಆಮೇಲೆ ಬೇಗ ಬೇಗ ಮುಂದೆ ಹೋಗಿಬಿಟ್ಟ.

ಇನಿಗೊಗೆ ಹಳೆಯ ಸೈನಿಕನ ರಕ್ತ ಕುದಿಯಿತು. ಮಾತೆಗೆ ಅವಮಾನ ಮಾಡಿದವನನ್ನು ಸುಮ್ಮನೆ ಬಿಡುವುದೇ, ಹಿಂಬಾಲಿಸಿ ಹೋಗಿ ಕಠಾರಿಯಿಂದ ಇರಿಯಬೇಕು ಅನಿಸಿತು. ಇರಿಯುವುದು ಸರಿಯೋ ತಪ್ಪೋ ತಿಳಿಯದೆ ಒದ್ದಾಡಿದರು. ಕೊನೆಗೆ ಹೇಸರಗತ್ತೆಯ ಲಗಾಮು ಸಡಿಲ ಬಿಟ್ಟರು. ಅದು ಆ ಮನುಷ್ಯ ಹೋದ ಹಳ್ಳಿಯ ದಾರಿ ಹಿಡಿದರೆ ಕೊಲ್ಲುವುದು, ಹೆದ್ದಾರಿ ಹಿಡಿದರೆ ಬಿಡುವುದು ಅಂತ ತೀರ್ಮಾನ. ಹಳ್ಳಿ ಮೂವತ್ತು ನಲವತ್ತು ಹೆಜ್ಜೆ ದೂರದಲ್ಲೇ ಇತ್ತು, ಅದರ ದಾರಿ ಅಗಲವಾಗಿ ಚೆನ್ನಾಗಿಯೂ ಇತ್ತು. ಆದರೂ ಆ ಮೂಕ ಪ್ರಾಣಿ ಹೆದ್ದಾರಿಯನ್ನೇ ಹಿಡಿಯಿತು.

ಬಂಧುಗಳೇ, ಇದು ನಗುವ ಕಥೆ ಅಲ್ಲ. ದರ್ಶನ ಪಡೆದವರು, ಮನೆ ಮಠ ಬಿಟ್ಟವರು, ಯಾತ್ರೆಗೆ ಹೊರಟವರು. ಅಂಥವರ ಕೈ ಭಕ್ತಿಯ ಹೆಸರಿನಲ್ಲೇ ಕೊಲೆಗೆ ಹೋಗಿತ್ತು. ಭಕ್ತಿ ಇತ್ತು, ವಿವೇಕ ಇರಲಿಲ್ಲ. ಆಗ ತಮ್ಮ ಆತ್ಮ ಇನ್ನೂ ಕುರುಡಾಗಿತ್ತು ಅಂತ ಅವರೇ ಮುಂದೆ ಈ ಪ್ರಸಂಗ ಹೇಳುವಾಗ ಒಪ್ಪಿಕೊಂಡಿದ್ದಾರೆ. ದೇವರ ಹೆಸರು ಹೇಳಿಕೊಂಡು ಇನ್ನೊಬ್ಬರ ಮೇಲೆ ದ್ವೇಷ ಕಾರುವುದು ಇವತ್ತಿಗೂ ನಡೆಯುತ್ತದೆ. ಅದು ಭಕ್ತಿ ಅಲ್ಲ, ಕುರುಡು.

ಮೊನ್ಸೆರಾತ್ ಬೆಟ್ಟದ ಜಾಗರಣೆ

ಬಾರ್ಸಿಲೋನದ ಹತ್ತಿರ ಮೊನ್ಸೆರಾತ್ ಎಂಬ ಕಲ್ಲುಬೆಟ್ಟ ಇದೆ. ಗರಗಸದ ಹಲ್ಲಿನಂಥ ಬಂಡೆಗಳ ನಡುವೆ ಬೆನೆಡಿಕ್ಟಿನ್ ಸನ್ಯಾಸಿಗಳ ಮಠ, ಅಲ್ಲಿ ಕಪ್ಪು ಬಣ್ಣದ ಮಾತೆ ಮರಿಯಮ್ಮನವರ ಪ್ರಸಿದ್ಧ ಸ್ವರೂಪ. ಇವತ್ತಿಗೂ ಲಕ್ಷಾಂತರ ಯಾತ್ರಿಕರು ಹತ್ತುವ ಬೆಟ್ಟ ಅದು. ಇನಿಗೊ ಅಲ್ಲಿಗೆ ಬಂದು ತಮ್ಮ ಇಡೀ ಜೀವನದ ಪಾಪಗಳನ್ನು ಬರೆದು, ಮೂರು ದಿನ ಪಾಪನಿವೇದನೆ ಮಾಡಿದರು. ಹೇಸರಗತ್ತೆಯನ್ನು ಮಠಕ್ಕೆ ಕೊಟ್ಟರು.

1522ರ ಮಾರ್ಚ್ 24, ಮಂಗಳವಾರ್ತೆ ಹಬ್ಬದ ಹಿಂದಿನ ರಾತ್ರಿ. ತಮ್ಮ ಬೆಲೆಬಾಳುವ ಬಟ್ಟೆಯನ್ನು ಗುಟ್ಟಾಗಿ ಒಬ್ಬ ಭಿಕ್ಷುಕನಿಗೆ ಕೊಟ್ಟು, ಗೋಣಿಯಂಥ ಒರಟು ನಿಲುವಂಗಿ ತೊಟ್ಟರು. ಕತ್ತಿಯನ್ನೂ ಕಠಾರಿಯನ್ನೂ ಮಾತೆಯ ಪೀಠದ ಬಳಿ ಬಿಟ್ಟರು. ಕೈಯಲ್ಲಿ ಯಾತ್ರಿಕನ ಕೋಲು ಹಿಡಿದು ಇಡೀ ರಾತ್ರಿ, ಒಮ್ಮೆ ನಿಂತು ಒಮ್ಮೆ ಮಂಡಿಯೂರಿ ಜಾಗರಣೆ ಮಾಡಿದರು. ಬೆಳಗ್ಗೆ ಪರಮಪ್ರಸಾದ ಸ್ವೀಕರಿಸಿ ಯಾರಿಗೂ ಗುರುತು ಸಿಗದ ಹಾಗೆ ಇಳಿದು ಹೋದರು.

ಮೂರು ಮೈಲಿ ಹೋಗಿರಬಹುದು, ಒಬ್ಬ ಓಡಿ ಬಂದ. ಭಿಕ್ಷುಕನ ಹತ್ತಿರ ಇರುವ ಬಟ್ಟೆ ನೀವೇ ಕೊಟ್ಟದ್ದು ಹೌದೇ ಅಂತ ಕೇಳಿದ. ಕದ್ದ ಮಾಲು ಅಂತ ಅನುಮಾನಪಟ್ಟು ಆ ಬಡವನಿಗೆ ಕಿರುಕುಳ ಕೊಟ್ಟಿದ್ದರು. ಅದನ್ನು ಕೇಳಿ ಇನಿಗೊ ಅತ್ತುಬಿಟ್ಟರು. ಸ್ವಂತ ಕಾಲಿನ ಮೂಳೆ ಕೊಯ್ಯುವಾಗ ಅಳದವರು, ಒಬ್ಬ ಭಿಕ್ಷುಕನ ಕಷ್ಟಕ್ಕೆ ಅತ್ತರು. ಇನ್ನೊಬ್ಬರ ನೋವು ಕಾಣಿಸತೊಡಗಿತು ಅಂದರೆ ಒಳಗಣ್ಣು ತೆರೆಯುತ್ತಿದೆ ಅಂತಲೇ ಅರ್ಥ.

ಮನ್ರೇಸದ ಕತ್ತಲೆ ಮತ್ತು ಬೆಳಕು

ಬೆಟ್ಟದಿಂದ ಇಳಿದು ಮನ್ರೇಸ ಎಂಬ ಊರಿಗೆ ಬಂದರು. ನಾಲ್ಕು ದಿನ ಇರೋಣ ಅಂತ ಬಂದವರು ಹತ್ತು ತಿಂಗಳಿಗೂ ಹೆಚ್ಚು ಇದ್ದರು. ಭಿಕ್ಷೆ ಎತ್ತಿ ತಿಂದರು, ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡಿದರು, ದಿನಕ್ಕೆ ಏಳು ಗಂಟೆ ಪ್ರಾರ್ಥನೆ ಮಾಡಿದರು. ಮೊದಲು ಅಂದಕ್ಕೆ ಮರುಳಾಗಿದ್ದಕ್ಕೆ ಪ್ರಾಯಶ್ಚಿತ್ತ ಅಂತ ಕೂದಲು, ಉಗುರು ಕತ್ತರಿಸದೆ ಬಿಟ್ಟರು.

ಎಲ್ಲಾ ಸರಿಹೋಯಿತು ಅಂದುಕೊಳ್ಳುವಾಗಲೇ ದೊಡ್ಡ ಕತ್ತಲೆ ಕವಿಯಿತು. ಪಾಪನಿವೇದನೆಯಲ್ಲಿ ಏನೋ ಬಿಟ್ಟುಹೋಯಿತು, ದೇವರು ನನ್ನನ್ನು ಕ್ಷಮಿಸಿಲ್ಲ ಎಂಬ ಸಂಶಯ ಹುಳುವಿನ ಹಾಗೆ ಕೊರೆಯಿತು. ಎಷ್ಟು ಸಲ ಪಾಪನಿವೇದನೆ ಮಾಡಿದರೂ ಸಮಾಧಾನ ಇಲ್ಲ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಇದ್ದ ಕೋಣೆಯ ಗುಂಡಿಗೆ ಹಾರಿ ಪ್ರಾಣ ಬಿಡಬೇಕು ಎಂಬ ಯೋಚನೆ ಮತ್ತೆ ಮತ್ತೆ ಬಂತು. ಅದು ಪಾಪ ಅಂತ ದೇವರಿಗೆ ಮೊರೆಯಿಟ್ಟು ತಡೆದುಕೊಂಡರು. ದೇವರು ಸಮಾಧಾನ ಕೊಡುವ ತನಕ ಅನ್ನ ನೀರು ಮುಟ್ಟುವುದಿಲ್ಲ ಅಂತ ಒಂದು ವಾರ ಉಪವಾಸ ಕೂತರು. ಗುರುಗಳು ಗದರಿಸಿ ಊಟ ಮಾಡಲು ಅಪ್ಪಣೆ ಕೊಟ್ಟಾಗ ವಿಧೇಯರಾಗಿ ಊಟ ಮಾಡಿದರು.

ಕೊನೆಗೆ ಲೊಯೋಲದ ಹಾಸಿಗೆಯಲ್ಲಿ ಕಲಿತ ಪಾಠ ನೆನಪಾಯಿತು. ಈ ಸಂಶಯ ಯಾವ ರುಚಿ ಬಿಟ್ಟು ಹೋಗುತ್ತಿದೆ? ಬರೀ ನಿರಾಶೆ. ಹಾಗಾದರೆ ಇದು ದೇವರಿಂದ ಬಂದದ್ದಲ್ಲ. ಒಮ್ಮೆ ಕ್ಷಮಿಸಿದ್ದನ್ನು ದೇವರು ಮತ್ತೆ ಕೆದಕುವುದಿಲ್ಲ. ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದರು. ಅವತ್ತಿನಿಂದ ಆ ಭೂತ ಬಿಟ್ಟಿತು.

ಆಮೇಲೆ ಒಂದು ದಿನ ಕರ್ದೋನೆರ್ ನದಿಯ ದಡದಲ್ಲಿ ನಡೆದು ಹೋಗುತ್ತಾ, ನೀರಿನ ಕಡೆ ಮುಖ ಮಾಡಿ ಕೂತರು. ಆಗ ಅವರ ಬುದ್ಧಿಯ ಕಣ್ಣುಗಳು ತೆರೆದವು. ಯಾವ ರೂಪವೂ ಕಾಣಿಸಲಿಲ್ಲ. ಆದರೆ ವಿಶ್ವಾಸದ ವಿಷಯ, ಲೋಕದ ವಿಷಯ ಎಲ್ಲವೂ ಹೊಸದಾಗಿ ಅರ್ಥವಾದವು. ತಾನು ಬೇರೆಯೇ ಮನುಷ್ಯನಾದ ಹಾಗೆ ಅನಿಸಿತು. ಜೀವಮಾನವೆಲ್ಲ ಕಲಿತದ್ದನ್ನು ಒಟ್ಟುಹಾಕಿದರೂ ಆ ಒಂದು ಗಳಿಗೆಗೆ ಸಮವಲ್ಲ ಅಂತ ಅರವತ್ತು ದಾಟಿದ ಮೇಲೂ ಅವರು ಹೇಳುತ್ತಿದ್ದರು. ಅದಾದ ಮೇಲೆ ಕೂದಲು, ಉಗುರು ಕತ್ತರಿಸಿಕೊಂಡರು! ದೇವರಿಗೆ ಬೇಕಾದದ್ದು ಶರೀರದ ಹಿಂಸೆ ಅಲ್ಲ, ಜನರ ಸೇವೆ ಅಂತ ತಿಳಿಯಿತು. ಈ ಅನುಭವಗಳನ್ನೇ ಬರೆದಿಟ್ಟುಕೊಂಡದ್ದು ಮುಂದೆ ಆಧ್ಯಾತ್ಮಿಕ ಸಾಧನೆಗಳು ಎಂಬ ಸಣ್ಣ ಪುಸ್ತಕವಾಯಿತು. ಲೋಕದ ಎಲ್ಲಾ ಕಡೆ ಧ್ಯಾನಕೂಟಗಳಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ.

ಜೆರುಸಲೇಮಿನಿಂದ ಶಾಲೆಯ ಬೆಂಚಿಗೆ

1523ರ ಸೆಪ್ಟೆಂಬರ್ 4ರಂದು ಜೆರುಸಲೇಮ್ ಮುಟ್ಟಿದರು. ಅಲ್ಲೇ ಸಾಯುವ ತನಕ ಇರಬೇಕು ಅಂತ ಆಸೆ. ಆದರೆ ಪುಣ್ಯಸ್ಥಳಗಳನ್ನು ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ಕನ್ ಗುರುಗಳು, ಪ್ರಾಣಕ್ಕೆ ಅಪಾಯ ಇದೆ, ಇರಕೂಡದು ಅಂತ ಅಪ್ಪಣೆ ಮಾಡಿದರು. ಹೊರಡುವ ಮುಂಚೆ ಯಾರಿಗೂ ಹೇಳದೆ ಓಲಿವ್ ಬೆಟ್ಟಕ್ಕೆ ಹೋಗಿ, ಪ್ರಭು ಸ್ವರ್ಗಾರೋಹಣ ಮಾಡಿದ ಜಾಗದ ಪಾದದ ಗುರುತು ನೋಡಲು ಕಾವಲುಗಾರರಿಗೆ ತಮ್ಮ ಚಾಕು, ಆಮೇಲೆ ಕತ್ತರಿ ಲಂಚ ಕೊಟ್ಟರು. ಯಾತ್ರಿಕರ ಆಸೆ ಎಲ್ಲಾ ಕಾಲದಲ್ಲೂ ಒಂದೇ!

ವಾಪಸು ಬಂದು, ಜನರಿಗೆ ಸಹಾಯ ಮಾಡಬೇಕಾದರೆ ಓದಬೇಕು ಅಂತ ನಿರ್ಧರಿಸಿದರು. 33ನೇ ವಯಸ್ಸಿನಲ್ಲಿ ಬಾರ್ಸಿಲೋನದಲ್ಲಿ ಚಿಕ್ಕ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಲತೀನ್ ವ್ಯಾಕರಣ ಬಾಯಿಪಾಠ ಮಾಡಿದರು. ಓದು ಬಿಡದ ಹಾಗೆ ಜನರಿಗೆ ಪ್ರಾರ್ಥನೆ ಕಲಿಸುತ್ತಿದ್ದರಿಂದ, ಇವರ ಬೋಧನೆ ಸರಿಯೇ ಅಂತ ಅಧಿಕಾರಿಗಳಿಗೆ ಸಂಶಯ ಬಂತು. ಅಲ್ಕಲದಲ್ಲಿ 42 ದಿನ, ಸಲಮಾಂಕದಲ್ಲಿ 22 ದಿನ ಜೈಲಿನಲ್ಲಿದ್ದರು. ತಪ್ಪು ಸಿಗದೆ ಬಿಟ್ಟರು. 1528ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಹೋದರು.

ಅಲ್ಲಿ ಕೋಣೆಯ ಜೊತೆಗಾರರಾಗಿ ಪೀಟರ್ ಫಾಬರ್ ಮತ್ತು ಫ್ರಾನ್ಸಿಸ್ ಝೇವಿಯರ್ ಸಿಕ್ಕಿದರು. ಝೇವಿಯರ್ ಅವರ ಅಣ್ಣಂದಿರು ನವಾರದ ಯುದ್ಧದಲ್ಲಿ ಇನಿಗೊ ಅವರ ಎದುರು ಪಕ್ಷದಲ್ಲಿದ್ದವರು. ಅಂಥ ಮನೆತನದ ಹುಡುಗ, ಕೀರ್ತಿಯ ಆಸೆ ಬಹಳ. ಇಗ್ನೇಷಿಯಸ್ ಬಲವಂತ ಮಾಡಲಿಲ್ಲ. ದುಡ್ಡಿನ ಸಹಾಯ ಮಾಡಿದರು, ತಾಳ್ಮೆಯಿಂದ ವರ್ಷಗಟ್ಟಲೆ ಕಾದರು. ಹಿಂದೆ ಕಠಾರಿಗೆ ಕೈ ಹಾಕಿದ್ದವರು ಈಗ ಪ್ರೀತಿಯಿಂದ ಗೆದ್ದರು. 1534ರ ಆಗಸ್ಟ್ 15, ಮಾತೆಯ ಸ್ವರ್ಗಸ್ವೀಕಾರ ಹಬ್ಬದಂದು, ಪ್ಯಾರಿಸಿನ ಮೊಂಮಾರ್ತ್ರ್ ಗುಡ್ಡದ ಪುಟ್ಟ ಗುಡಿಯಲ್ಲಿ ಏಳು ಮಂದಿ ಗೆಳೆಯರು ಬಡತನ, ಬ್ರಹ್ಮಚರ್ಯದ ವ್ರತ ತೊಟ್ಟರು. ಅವರಲ್ಲಿ ಗುರುಗಳಾಗಿದ್ದ ಫಾಬರ್ ಒಬ್ಬರೇ ಪೂಜೆ ಅರ್ಪಿಸಿದರು.

ಯೇಸುಸಭೆ ಮತ್ತು ನಮ್ಮ ನಾಡು

1537ರಲ್ಲಿ ವೆನಿಸಿನಲ್ಲಿ ಗುರುದೀಕ್ಷೆ ಆಯಿತು. 1538ರ ಕ್ರಿಸ್ಮಸ್ ರಾತ್ರಿ ರೋಮಿನಲ್ಲಿ ಮೊದಲ ಪೂಜೆ ಅರ್ಪಿಸಿದರು. ಆ ಚಳಿಗಾಲ ರೋಮಿನಲ್ಲಿ ಬರ. ಗೆಳೆಯರೆಲ್ಲ ಸೇರಿ ಹಸಿದವರನ್ನು ಮನೆಗೆ ಕರೆತಂದು ಊಟ, ಬೆಚ್ಚಗಿನ ಜಾಗ ಕೊಟ್ಟರು. 1540ರ ಸೆಪ್ಟೆಂಬರ್ 27ರಂದು ಜಗದ್ಗುರು ಮೂರನೇ ಪೌಲ್ ಯೇಸುಸಭೆಗೆ ಮಾನ್ಯತೆ ಕೊಟ್ಟರು. ಮುಂದಿನ ವರ್ಷ ಇಗ್ನೇಷಿಯಸ್ ಮೊದಲ ಮಹಾಶ್ರೇಷ್ಠರಾದರು. ಬೀದಿಗೆ ಬಿದ್ದ ಹೆಣ್ಣುಮಕ್ಕಳಿಗಾಗಿ ಸಂತ ಮಾರ್ತರ ಹೆಸರಿನ ಆಶ್ರಯಮನೆ ತೆರೆದರು.

ಭಾರತಕ್ಕೆ ಹೋಗಬೇಕಿದ್ದ ಒಬ್ಬರು ಕಾಯಿಲೆ ಬಿದ್ದಾಗ, ಪ್ರಾಣಸ್ನೇಹಿತ ಝೇವಿಯರರನ್ನೇ ಕಳಿಸಿದರು. 1542ರ ಮೇ 6ರಂದು ಝೇವಿಯರ್ ಗೋವೆಗೆ ಬಂದಿಳಿದರು. ಇಬ್ಬರೂ ಮತ್ತೆ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಹತ್ತು ವರ್ಷದ ನಂತರ ಝೇವಿಯರ್ ಚೀನಾದ ಬಾಗಿಲಲ್ಲಿ ಒಂದು ದ್ವೀಪದಲ್ಲಿ ತೀರಿಕೊಂಡರು. ಅವರ ಶರೀರ ಹಳೆ ಗೋವೆಯಲ್ಲಿದೆ. ನಮ್ಮವರು ಎಷ್ಟೋ ಮಂದಿ ದರ್ಶನ ಮಾಡಿ ಬಂದಿದ್ದಾರೆ. 17ನೇ ಶತಮಾನದ ನಡುವಿನಲ್ಲಿ ಇದೇ ಸಭೆಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಸೇವೆ ಮಾಡಿದರು. 1880ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಯೇಸುಸಭೆಯವರಿಂದಲೇ ಆರಂಭವಾಯಿತು. ಬೆಂಗಳೂರಿನ ಸಂತ ಜೋಸೆಫರ ಕಾಲೇಜನ್ನು 1937ರಲ್ಲಿ ಅವರು ವಹಿಸಿಕೊಂಡರು. ಪಂಪ್ಲೋನದ ಒಂದು ಗುಂಡು ಎಲ್ಲಿಂದ ಎಲ್ಲಿಗೆ ಬಂತು ನೋಡಿ!

ಕೊನೆಯ ದಿನಗಳು

ರೋಮಿನಲ್ಲಿ ಸಣ್ಣ ಕೋಣೆಗಳಲ್ಲಿ ಇದ್ದುಕೊಂಡು ಸಾವಿರಾರು ಪತ್ರ ಬರೆದು ಸಭೆಯನ್ನು ನಡೆಸಿದರು. ಕಾಲು ಕೊನೆಯವರೆಗೂ ಕುಂಟು. ಹೊಟ್ಟೆನೋವು ಬಿಡಲಿಲ್ಲ. ಪೂಜೆ ಅರ್ಪಿಸುವಾಗ ಎಷ್ಟು ಕಣ್ಣೀರು ಬರುತ್ತಿತ್ತು ಅಂದರೆ, ಕಣ್ಣುಗಳಿಗೇ ತೊಂದರೆಯಾಯಿತು. ಒಳಗಣ್ಣು ತೆರೆದವರಿಗೆ ಹೊರಗಣ್ಣಿನ ನೋವು ದೊಡ್ಡದಾಗಿ ಕಾಣಲಿಲ್ಲ. 1556ರ ಜುಲೈ 31ರ ಮುಂಜಾನೆ ಯಾವ ಗದ್ದಲವೂ ಇಲ್ಲದೆ ಪ್ರಭುವಿನ ಪಾದ ಸೇರಿದರು. ಏಳು ಮಂದಿಯಿಂದ ಶುರುವಾದ ಸಭೆಯಲ್ಲಿ ಆಗ ಸುಮಾರು ಸಾವಿರ ಮಂದಿ ಇದ್ದರು. 1622ರ ಮಾರ್ಚ್ 12ರಂದು ಇಗ್ನೇಷಿಯಸ್ ಮತ್ತು ಝೇವಿಯರ್ ಇಬ್ಬರನ್ನೂ ಒಂದೇ ದಿನ ಸಂತರೆಂದು ಘೋಷಿಸಲಾಯಿತು. 2013ರಲ್ಲಿ ಜಗದ್ಗುರುಗಳಾಗಿ ಆಯ್ಕೆಯಾಗಿ 2025ರ ಏಪ್ರಿಲಿನಲ್ಲಿ ದೈವಾಧೀನರಾದ ಫ್ರಾನ್ಸಿಸರು ಇದೇ ಸಭೆಯವರು. ಯೇಸುಸಭೆಯಿಂದ ಬಂದ ಮೊದಲ ಜಗದ್ಗುರು ಅವರೇ.

ಯಾತ್ರಿಕರಿಗೆ ಒಂದು ಮಾತು

ಸಂತ ಇಗ್ನೇಷಿಯಸರು ಕಲಿಸಿದ ಒಂದು ಸುಲಭ ಅಭ್ಯಾಸ ಇದೆ. ಓದು ಬರಹ ಬಾರದವರೂ ಮಾಡಬಹುದು. ರಾತ್ರಿ ಮಲಗುವ ಮುಂಚೆ ಒಂದು ಕಾಲು ಗಂಟೆ ಸುಮ್ಮನೆ ಕೂತುಕೊಳ್ಳಿ. ಮೊದಲು ದೇವರಿಗೆ ವಂದನೆ ಹೇಳಿ. ಬೆಳಕು ಕೊಡಿ ಅಂತ ಬೇಡಿ. ಬೆಳಗಿನಿಂದ ಆಡಿದ್ದು, ಮಾಡಿದ್ದು, ಯೋಚಿಸಿದ್ದು ಒಂದೊಂದಾಗಿ ನೆನೆಸಿಕೊಳ್ಳಿ. ತಪ್ಪಿಗೆ ಕ್ಷಮೆ ಕೇಳಿ. ನಾಳೆಗೆ ಒಂದು ಒಳ್ಳೆಯ ನಿರ್ಧಾರ ಮಾಡಿ ಪರಲೋಕ ಮಂತ್ರ ಹೇಳಿ ಮಲಗಿ.

ಬೆಟ್ಟದಲ್ಲಿ ಹರಕೆ ಹೊತ್ತು, ಕೆಳಗೆ ಹೋಗಿ ಬಿದ್ದವರು ನಿರಾಶರಾಗಬೇಡಿ. ಮೊನ್ಸೆರಾತ್ ಇಳಿದ ಮೇಲೆಯೇ ಸಂತರಿಗೆ ಮನ್ರೇಸದ ಕತ್ತಲೆ ಬಂದದ್ದು. ಕತ್ತಲೆ ದಾಟಿದ ಮೇಲೆಯೇ ನದಿಯ ದಡದ ಬೆಳಕು ಸಿಕ್ಕಿದ್ದು. ಬಿದ್ದರೆ ಏಳಿ, ಗುರುಗಳ ಬಳಿ ಹೋಗಿ, ಪಾಪನಿವೇದನೆ ಮಾಡಿ, ಕ್ಷಮೆ ಸಿಕ್ಕಿದೆ ಅಂತ ನಂಬಿ. ಮನಸ್ಸಿಗೆ ಸಾವಿನ ಯೋಚನೆ ಬಂದವರು ಒಬ್ಬರೇ ಒಳಗೊಳಗೆ ನವೆಯದೆ, ಮನೆಯವರಿಗೋ ಗುರುಗಳಿಗೋ ವೈದ್ಯರಿಗೋ ಇವತ್ತೇ ಬಾಯಿಬಿಟ್ಟು ಹೇಳಿ. ಇಳಿದು ಹೋಗುವ ಮುಂಚೆ ನಿಮ್ಮ ಸೊಂಟದಲ್ಲಿರುವ ಕತ್ತಿ ಯಾವುದು ಅಂತ ನೋಡಿಕೊಳ್ಳಿ. ಕೆಲವರಿಗೆ ಅದು ಬಾಟಲಿ, ಕೆಲವರಿಗೆ ನಾಲಿಗೆ, ಕೆಲವರಿಗೆ ಅಣ್ಣತಮ್ಮಂದಿರ ಮೇಲಿನ ಹಳೆಯ ಹಗೆ. ಅದನ್ನು ಮಾತೆಯ ಪಾದದ ಬಳಿ ಬಿಟ್ಟು ಹೋಗಿ.

ಸಂತರ ಹಬ್ಬ: ಪ್ರತಿ ವರ್ಷ ಜುಲೈ 31.

ಸಂತ ಇಗ್ನೇಷಿಯಸರೇ, ನಮ್ಮ ಒಳಗಣ್ಣು ತೆರೆಯುವಂತೆ ಪ್ರಭುವಿನಲ್ಲಿ ನಮಗಾಗಿ ಪ್ರಾರ್ಥಿಸಿರಿ. ಆಮೆನ್.